ಎಸ್ಸೆಸ್ಸೆಲ್ಸಿ ರಿಸಲ್ಟ್ ಬರೋವರೆಗೆ ಮಗಳನ್ನ ಹೆಂಗೆ ಸಮಾಧಾನ ಮಾಡೋದು? ದಾವಣಗೆರೆ, ದುರ್ಗದ ಕಡೆಯ ತಂದೆ-ತಾಯಿಗಳು ಹೇಳ್ರಿ

ನಿಟ್ಟುವಳ್ಳಿ ತಾಯಿ · ರಾತ್ರಿ 9:40
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ಸಲ ಎಸ್ಸೆಸ್ಸೆಲ್ಸಿ ಬರೆದಿದ್ದಾಳೆ, ಕನ್ನಡ ಮಾಧ್ಯಮ. ಪರೀಕ್ಷೆ ಮುಗಿದಾಗ ಖುಷಿಯಾಗೇ ಇದ್ಲು, ಹೊನ್ನಾಳಿಗೆ ಅಜ್ಜಿ ಮನೆಗೆ ಹೋಗಿ ಬಂದ್ಲು. ಆಮೇಲೆ ಕೀ ಉತ್ತರ ಬಂತು ನೋಡ್ರಿ, ಅಲ್ಲಿಂದ ಶುರು. ಆರೂ ಪ್ರಶ್ನೆಪತ್ರಿಕೆ ಮುಂದಿಟ್ಕೊಂಡು ಪೆನ್ಸಿಲ್‌ನಲ್ಲಿ ಅಂಕ ಹಾಕೋದು, ಅಳಿಸೋದು, ಮತ್ತೆ ಹಾಕೋದು. ಗಣಿತದ ಪೇಪರ್ ಮಡಚಿ ಬಿಚ್ಚಿ ನಡುವೆ ಹರಿದುಹೋಗಿದೆ, ಅದಕ್ಕೆ ಟೇಪ್ ಹಚ್ಚಿಟ್ಟಿದ್ದಾಳೆ. ಊಟ ಅರ್ಧಕ್ಕರ್ಧ ಕಮ್ಮಿ. ರಾತ್ರಿ ನೀರು ಕುಡಿಯೋಕೆ ಎದ್ದರೆ ಹಾಲ್‌ನಲ್ಲಿ ಫೋನಿನ ಬೆಳಕು ಕಾಣುತ್ತೆ, ರಿಸಲ್ಟ್ ಡೇಟ್ ಹುಡುಕ್ತಾ ಕೂತಿರ್ತಾಳೆ. ಹಾಲ್ ಟಿಕೆಟ್ ದೇವರ ಗೂಡಿನಲ್ಲಿ ದುಗ್ಗಮ್ಮನ ಫೋಟೋ ಹಿಂದೆ ಸಿಗಿಸಿದ್ದಾಳೆ.

ಓದೋದ್ರಲ್ಲಿ ಜಾಣೆ, ಫೇಲ್ ಆಗೋ ಮಾತೇ ಇಲ್ಲ. ಆದ್ರೂ ಯಾಕಿಂಗೆ ಅಂತ ತಿಳೀತಿಲ್ಲ. "ಏನೂ ಆಗಲ್ಲ ಬಿಡಮ್ಮ" ಅಂದ್ರೆ ಇನ್ನೂ ರೇಗ್ತಾಳೆ. ನಮ್ಮನೆಯವರಂತೂ ದಿನಾ ಊಟಕ್ಕೆ ಕೂತಾಗ "ಎಷ್ಟು ಬರಬಹುದು" ಅಂತ ಕೇಳ್ತಾರೆ. ನಿಮ್ಮ ಮನೆಗಳಲ್ಲಿ ಹೆಂಗೆ ನಿಭಾಯಿಸ್ತಿದ್ದೀರಿ? ರಿಸಲ್ಟ್ ಯಾವತ್ತು ಅಂತ ಯಾರಿಗಾದ್ರೂ ಗೊತ್ತಾ?

ಮಂಡಿಪೇಟೆ ಅಣ್ಣ · 9:47
ನಾಳೆ ಅಂತ ನಮ್ಮ ವಾಟ್ಸಾಪ್ ಗ್ರೂಪಿನಾಗ ಬಂದೈತಿ ಅಕ್ಕ.

ವಿದ್ಯಾನಗರ ವಾಸಿ · 9:52
ದಯವಿಟ್ಟು ಆ ಮೆಸೇಜ್ ಮುಂದಕ್ಕೆ ಕಳಿಸಬೇಡಿ ಅಣ್ಣ. ಮೌಲ್ಯನಿರ್ಣಯ ಮಂಡಳಿ ಹೇಳೋವರೆಗೆ ಯಾವ ಡೇಟೂ ನಿಜ ಅಲ್ಲ. 2024ರಲ್ಲಿ ಮೇ 9ಕ್ಕೆ ಬಂತು, 2025ರಲ್ಲಿ ಮೇ 2ಕ್ಕೆ. ಬೆಳಿಗ್ಗೆ ಪತ್ರಿಕಾಗೋಷ್ಠಿ ಮಾಡ್ತಾರೆ, ಆಮೇಲೆ ವೆಬ್‌ಸೈಟಿಗೆ ಹಾಕ್ತಾರೆ. ಲಿಂಕಿನ ಕೊನೇಲಿ ಎನ್ಐಸಿ ಡಾಟ್ ಇನ್ ಅಂತ ಇದೆಯಾ ನೋಡ್ಕೊಳ್ಳಿ. ಬೇರೆ ಲಿಂಕ್ ಒತ್ತಿದ್ರೆ ಫೋನ್ ನಂಬರ್ ಕೊಡಿ, ಒಟಿಪಿ ಕೊಡಿ ಅಂತ ಶುರು ಮಾಡ್ತಾರೆ.

ಮಂಡಿಪೇಟೆ ಅಣ್ಣ · 9:55
ಸರಿ ಅಣ್ಣ, ಗ್ರೂಪಿನಾಗೂ ಅದು ಸುಳ್ಳು ಅಂತ ಹಾಕ್ತೀನಿ.

ಗಣಿತ ಮೇಷ್ಟ್ರು, ಹರಿಹರ · 10:10
ತಾಯಿ, ಮಗಳಿಗೆ ಹೇಳ್ರಿ: ಮಕ್ಕಳು ಕೀ ಉತ್ತರ ಇಟ್ಕೊಂಡು ತಾವೇ ಹಾಕೋ ಅಂಕಕ್ಕೂ ಮೌಲ್ಯಮಾಪನದಲ್ಲಿ ಬೀಳೋ ಅಂಕಕ್ಕೂ ಬಹಳ ಅಂತರ. ಗಣಿತದಲ್ಲಿ ಹಂತ ಹಂತಕ್ಕೆ ಅಂಕ ಐತಿ. ಒಂದು ಪ್ರಮೇಯ ತಗೊಳ್ರಿ. ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ, ಹಿಂಗೆ ಬಿಡಿಬಿಡಿಯಾಗಿ ನೋಡ್ತೀವಿ. ಸಾಧನೆ ಕೊನೇಲಿ ಕೈಕೊಟ್ಟಿದ್ರೂ ಚಿತ್ರಕ್ಕೆ, ದತ್ತಕ್ಕೆ ಸಿಗೋದು ಸಿಕ್ಕೇ ಸಿಗುತ್ತೆ. ಮಕ್ಕಳು ಏನು ಮಾಡ್ತಾರೆ, ಉತ್ತರ ಹೊಂದಲಿಲ್ಲ ಅಂದ ಕೂಡಲೇ ಪೂರಾ ಸೊನ್ನೆ ಹಾಕಿ ಕೂಡಿಸ್ಕೊಂಡು ಅಳ್ತಾರೆ. ಕೀ ಉತ್ತರದಲ್ಲಿ ಇರೋ ದಾರಿ ಬಿಟ್ಟು ಬೇರೆ ಕ್ರಮದಲ್ಲಿ ಮಾಡಿದ್ರೂ, ಸರಿಯಿದ್ರೆ ಅಂಕ ಕೊಡ್ಲೇಬೇಕು.

ಇನ್ನೊಂದು. 625ರಲ್ಲಿ 125 ಆಂತರಿಕ ಅಂಕ. ಪ್ರಥಮ ಭಾಷೆಗೆ 25, ಉಳಿದ ಐದಕ್ಕೆ 20ರ ಹಂಗೆ. ಅದು ಶಾಲೆಯಿಂದ ಯಾವತ್ತೋ ಹೋಗಿ ಆಗೈತಿ. ಮಗು ಈಗ ಗಾಬರಿ ಪಡ್ತಿರೋದು ಉಳಿದ 500ರಲ್ಲಿ ನಾಕೋ ಎಂಟೋ ಅಂಕಕ್ಕೆ. ಅನ್ನ ಬೆಂತೋ ಇಲ್ಲವೋ ಅಂತ ಗಳಿಗೆಗೊಂದು ಸಲ ಮುಚ್ಚಳ ತೆಗೆದಂಗೆ ಅದು, ತೆಗೆದಷ್ಟೂ ತಡ. ಆ ಪೇಪರ್‌ಗಳನ್ನ ಅವಳ ಕೈಯಿಂದಲೇ ಬೀರುವಿನಲ್ಲಿ ಇಡಿಸ್ರಿ, ನೀವು ಕಿತ್ತುಕೊಳ್ಳೋದು ಬೇಡ.

ಹಳೇಪೇಟೆ ಅಪ್ಪ · 10:24
ಎಲ್ಲಾರೂ ಮಕ್ಕಳಿಗೆ ಹೆದರಿಕೆನೇ ಇರಬಾರ್ದು ಅಂತೀರಿ, ನಾ ಒಪ್ಪಂಗಿಲ್ಲ. ಒಂದಕ್ಕಿಂತ ಹೆಚ್ಚು ಪರೀಕ್ಷೆ ಇಟ್ಟಾರ, ಪಾಸಿಗೆ 35 ಇದ್ದದ್ದು 2026ರ ಪರೀಕ್ಷೆಯಿಂದ 33 ಆಗೇತಿ, 625ಕ್ಕೆ 206 ಬಂದ್ರ ಆತು, ಒಂದೊಂದು ವಿಷಯಕ್ಕ 30 ಪರ್ಸೆಂಟ್ ಸಾಕು. ಇಷ್ಟು ಸಡಿಲ ಬಿಟ್ಟ ಮ್ಯಾಲೂ ಸ್ವಲ್ಪ ಎದೆ ಡವಡವ ಅನ್ನದಿದ್ರ ಹುಡುಗ್ರು ಪುಸ್ತಕ ಮುಟ್ಟತಾರೇನು? ನಮ್ಮಪ್ಪ ಕಾಟನ್ ಮಿಲ್ಲಿನಾಗ ಇದ್ರು. ಮಿಲ್ಲಿಗೆ ಬೀಗ ಬಿದ್ದ ಮ್ಯಾಲೆ ನಮ್ಮ ಓಣಿಯಾಗ ಓದಿದವರ ಮನಿ ಅಷ್ಟೇ ನೆಟ್ಟಗೆ ನಿಂತಿದ್ದು. ಅದನ್ನ ಕಣ್ಣಾರೆ ಕಂಡೀನಿ. ನನ್ನ ಮಗನಿಗೆ ನಾ ದಿನಾ ಕೇಳ್ತೀನಿ, ಕೇಳೋದು ಪ್ರೀತಿಯಿಂದನೇ.

ಎಂಸಿಸಿ ಬಿ ಬ್ಲಾಕ್ · 10:31
ಪರೀಕ್ಷೆಗೆ ಮುಂಚೆ ಹೆದರಿಕೆ ಇದ್ರೆ ಓದ್ತಾರೆ, ಒಪ್ಪೋಣ. ಪರೀಕ್ಷೆ ಮುಗಿದ ಮೇಲೆ ಹೆದರಿಸಿ ಏನು ಸಿಗುತ್ತೆ ಸರ್? ಉತ್ತರಪತ್ರಿಕೆ ಕೈಬಿಟ್ಟು ಹೋಗಿದೆ.

ಹಳೇಪೇಟೆ ಅಪ್ಪ · 10:33
ಹೆದರಿಸ್ತೀನಿ ಅಂತ ಹೇಳಿಲ್ಲ, ಕೇಳ್ತೀನಿ ಅಂದೆ.

ದುರ್ಗದ ಹುಡುಗ, ಹತ್ತನೇ ಕ್ಲಾಸು · 10:45
ನಾನೂ ಈ ಸಲ ಬರ್ದಿದ್ದೀನಿ. ಅಂಕಲ್, ಕೇಳೋದು ಪ್ರೀತಿಯಿಂದ ಅಂತ ನಮಗೂ ಗೊತ್ತೈತೆ. ಆದ್ರೆ ಕೇಳಿದ ಸಲ ಎಲ್ಲಾ ನಾವು ಒಂದು ನಂಬರ್ ಹೇಳ್ಬೇಕಾಗುತ್ತೆ. ಜಾಸ್ತಿ ಹೇಳಿದ್ರೆ ಆಮೇಲೆ "ಅಷ್ಟು ಬರುತ್ತೆ ಅಂದಿದ್ದೆ" ಅಂತೀರ. ಕಮ್ಮಿ ಹೇಳಿದ್ರೆ ಆವತ್ತು ಮನೇಲಿ ಯಾರೂ ಮಾತಾಡಲ್ಲ. ನಾನು 500 ಅಂದೆ, ನಮ್ಮಪ್ಪ ಅದನ್ನ ಅಂಗಡೀಲಿ 520 ಅಂತ ಹೇಳವ್ರೆ. ಈಗ ಬೀದೀಲಿ ಹೋದ್ರೆ ಎಲ್ಲಾರೂ 520 ಅಂತಾರೆ.

ಆಂಟಿ, "ಏನೂ ಆಗಲ್ಲ ಬಿಡು" ಅಂದ್ರೆ ನನಗೂ ಸಿಟ್ಟು ಬರುತ್ತೆ. ಯಾಕಂದ್ರೆ ಅದನ್ನ ಕೇಳಿದ್ರೆ ನೀವು ಒಳಗೊಳಗೇ ಏನೋ ಆಗುತ್ತೆ ಅಂತ ಅನ್ಕೊಂಡಿದ್ದೀರ ಅನ್ಸುತ್ತೆ. ನನ್ನ ಅಕ್ಕ ಏನೂ ಹೇಳಲ್ಲ, ಸಾಯಂಕಾಲ ಬಾ ಅಂತ ಕೋಟೆ ಕಡೆ ಕರ್ಕೊಂಡು ಹೋಗ್ತಾಳೆ. ಅವತ್ತು ಮಾತ್ರ ಚೆನ್ನಾಗಿ ನಿದ್ದೆ ಬರುತ್ತೆ.

ಹೊನ್ನಾಳಿ ಸೊಸೆ · 10:49
ತಮ್ಮಾ, ನಿನ್ನ ಮಾತು ನಮ್ಮನೆಯವರಿಗೂ ಓದಿ ಹೇಳ್ದೆ.

ಪಿಜೆ ಬಡಾವಣೆ ತಾತ · 10:58
ನಮ್ಮ ಕಾಲದಲ್ಲಿ ಫಲಿತಾಂಶ ಪೇಪರಿನಲ್ಲಿ ಬರ್ತಿತ್ತು. ಬರೀ ರಿಜಿಸ್ಟರ್ ನಂಬರು, ಸಣ್ಣ ಅಕ್ಷರ, ಯಾವ ದರ್ಜೆ ಅಂತ ಬೇರೆ ಬೇರೆ. ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಬಂಡಲ್ ಇಳಿಯೋದನ್ನೇ ಕಾಯ್ತಾ ನಿಲ್ತಿದ್ವಿ. ಒಂದು ಪೇಪರಿಗೆ ಹತ್ತು ತಲೆ. ನಂಬರ್ ಇಲ್ಲ ಅಂದ್ರೆ ಅಷ್ಟೂ ಜನರ ಎದುರಿಗೇ ಗೊತ್ತಾಗ್ತಿತ್ತು, ಮುಖ ಮುಚ್ಚಿಕೊಳ್ಳೋಕೆ ಜಾಗ ಇರ್ತಿರಲಿಲ್ಲ. ಮಾರ್ಚ್ ತಪ್ಪಿದ್ರೆ ಅಕ್ಟೋಬರ್‌ವರೆಗೆ ಕಾಯಬೇಕು, ಅಷ್ಟರಲ್ಲಿ ಆ ವರ್ಷ ಕೈಬಿಟ್ಟು ಹೋಗ್ತಿತ್ತು. ಎಷ್ಟೋ ಹುಡುಗರು ಆ ಆರು ತಿಂಗಳಲ್ಲಿ ಹತ್ತಿ ಅಂಗಡಿಗೋ ಮಂಡಕ್ಕಿ ಭಟ್ಟಿಗೋ ಕೆಲಸಕ್ಕೆ ಸೇರಿದವರು ಮತ್ತೆ ಶಾಲೆ ಕಡೆ ತಿರುಗಿ ನೋಡಲಿಲ್ಲ. ಈಗ ಅದೇ ವರ್ಷದಲ್ಲೇ ಇನ್ನೊಂದು ಸಲ ಬರೀಬಹುದು ಅಂದ್ರೆ ಅದು ಸಡಿಲ ಅಲ್ಲ ಹಳೇಪೇಟೆಯವರೇ, ಮಗುವಿನ ಒಂದು ವರ್ಷ ಉಳಿಸಿದಂಗೆ.

ಗಣಿತ ಮೇಷ್ಟ್ರು, ಹರಿಹರ · 11:04
ತಾತ ಹೇಳಿದ್ದು ಅಕ್ಷರಶಃ ನಿಜ. ಅದೇ ವರ್ಷ ಮತ್ತೆ ನಡೆಸೋ ಪರೀಕ್ಷೆ-2 ಅಂದ್ರೆ ಫೇಲಾದವರಿಗೆ ಮಾತ್ರ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಪಾಸಾದವರೂ ಅಂಕ ಹೆಚ್ಚಿಸ್ಕೊಳ್ಳೋಕೆ ಬರೀಬಹುದು, ಬೇಕಾದ ವಿಷಯ ಅಷ್ಟೇ ಬರೀಬಹುದು. ಯಾವುದರಲ್ಲಿ ಹೆಚ್ಚು ಬಂದಿರುತ್ತೋ ಅದೇ ಉಳಿಯುತ್ತೆ, ಕಮ್ಮಿ ಬಂತು ಅಂತ ಇದ್ದದ್ದು ಹೋಗಲ್ಲ.

ಚಳ್ಳಕೆರೆ ಮೇಡಂ · 11:15
ನಾನು ದುರ್ಗ ಜಿಲ್ಲೆಯ ಶಿಕ್ಷಕಿ, ನಮ್ಮ ಜಿಲ್ಲೆ ಕಥೆ ಹೇಳ್ತೀನಿ. 2023ರಲ್ಲಿ ಚಿತ್ರದುರ್ಗ ಇಡೀ ರಾಜ್ಯಕ್ಕೆ ಮೊದಲು, 96.80 ಪರ್ಸೆಂಟ್. ಸಿಹಿ ಹಂಚಿದ್ದೇ ಹಂಚಿದ್ದು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ರಾಜ್ಯದ ಫಲಿತಾಂಶವೇ 83.89ರಿಂದ 73.40ಕ್ಕೆ ಇಳೀತು, ಅದೂ ಗ್ರೇಸ್ ಅಂಕ 10ರಿಂದ 20 ಪರ್ಸೆಂಟಿಗೆ ಏರಿಸಿದ ಮೇಲೆ. ನಮ್ಮ ಜಿಲ್ಲೆ ಪಟ್ಟಿಯಲ್ಲಿ ಬಹಳ ಕೆಳಗೆ ಹೋಯ್ತು. 2025ರಲ್ಲಿ ಆ ಗ್ರೇಸೂ ಇಲ್ಲ, ರೆಗ್ಯುಲರ್ ಮಕ್ಕಳದ್ದು 66.14.

ಜಿಲ್ಲೆ ಇಳಿದಾಗ ಮೀಟಿಂಗ್ ಮೇಲೆ ಮೀಟಿಂಗ್ ಆಯ್ತು, ಆ ಒತ್ತಡ ನಮ್ಮ ಮೇಲೆ ಬಂತು, ನಮ್ಮಿಂದ ಮಕ್ಕಳ ಮೇಲೆ ಹೋಯ್ತು. ಬೆಳಿಗ್ಗೆ ವಿಶೇಷ ತರಗತಿ, ರಾತ್ರಿ ಗುಂಪು ಅಧ್ಯಯನ, ಮನೆಮನೆಗೆ ಭೇಟಿ. ಕೆಲವು ಮಕ್ಕಳಿಗೆ ಅದರಿಂದ ಒಳ್ಳೇದೂ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಹದಿನೈದು ವರ್ಷದ ಮಗು ಜಿಲ್ಲೆಯ ಮಾನ ಹೊತ್ಕೊಂಡು ಕೂರೋ ಹಂಗಾಗಬಾರ್ದು. ನನ್ನ ಕ್ಲಾಸಿನ ಹುಡುಗಿ "ಮಿಸ್, ನನ್ನಿಂದ ನಮ್ಮ ಶಾಲೆ ನೂರಕ್ಕೆ ನೂರು ತಪ್ಪುತ್ತೇನೋ" ಅಂತ ಅತ್ಲು. ಅವಳಿಗೆ ತನ್ನ ಅಂಕದ ಚಿಂತೆಗಿಂತ ಅದೇ ದೊಡ್ಡದಾಗಿತ್ತು.

ಬಾಡಾ ಕ್ರಾಸ್ · 11:19
ನೂರಕ್ಕೆ ನೂರು ಅನ್ನೋದೇ ದೊಡ್ಡ ರೋಗ. ನಮ್ಮ ಪಕ್ಕದ ಮನೆ ಹುಡುಗನ್ನ ಒಂದು ಖಾಸಗಿ ಶಾಲೆಯವರು ಒಂಬತ್ತನೇ ಕ್ಲಾಸಿನಲ್ಲೇ ಟಿಸಿ ಕೊಟ್ಟು ಕಳಿಸಿದ್ರು, ಹತ್ತರಲ್ಲಿ ಫೇಲಾದ್ರೆ ಅವರ ಫ್ಲೆಕ್ಸ್ ಹಾಳಾಗುತ್ತೆ ಅಂತ.

ಅವರಗೆರೆ ಯುವಕ · 11:22
ಫ್ಲೆಕ್ಸ್ ಬಗ್ಗೆ ಹೇಳ್ತೀನಿ ಕೇಳ್ರಿ, ರಿಸಲ್ಟ್ ಬಂದ ರಾತ್ರಿನೇ ಹದಡಿ ರಸ್ತೆ ತುಂಬಾ ಪಾಸ್‌ಪೋರ್ಟ್ ಫೋಟೋಗಳು. 600ಕ್ಕಿಂತ ಮೇಲೆ ಇದ್ದವರ ಮುಖ ಮಾತ್ರ. ಆ ಶಾಲೇಲಿ 400 ತಗೊಂಡ ಮಗು ಅದೇ ರಸ್ತೇಲಿ ಸೈಕಲ್ ತುಳ್ಕೊಂಡು ಹೋಗಬೇಕಲ್ಲ.

ಮಂಡಿಪೇಟೆ ಅಣ್ಣ · 11:24
ಪೇಡಾ ಅಂಗಡಿಯವ್ರಿಗೆ ಮಾತ್ರ ಹಬ್ಬ.

ಹೊನ್ನಾಳಿ ಸೊಸೆ · 11:26
ನಮ್ಮಲ್ಲಿ ಪೇಡಾ ಇಲ್ಲಪ್ಪ, ಮಿರ್ಚಿ ಮಂಡಕ್ಕಿ. ಪಾಸಾಗ್ಲಿ ಬಿಡ್ಲಿ, ಅವತ್ತು ಸಾಯಂಕಾಲ ಮನೆಗೆ ಬಂದವರಿಗೆಲ್ಲ ಮಿರ್ಚಿ ಮಂಡಕ್ಕಿ ಕೊಡೋದು ಅಂತ ನಮ್ಮತ್ತೆ ಈಗಲೇ ಹೇಳಿಟ್ಟಿದ್ದಾರೆ. ಮಗನಿಗೆ ಅದನ್ನ ಕೇಳಿದ ಮೇಲೆ ಸ್ವಲ್ಪ ಹಗುರ ಆದಂಗಿದೆ.

ಅವರಗೆರೆ ಯುವಕ · 11:27
ನಿಮ್ಮತ್ತೆಗೆ ದೊಡ್ಡ ನಮಸ್ಕಾರ ಅಕ್ಕ. ನರ್ಗೀಸ್ ಮಂಡಕ್ಕಿನೋ ಒಗ್ಗರಣೆ ಮಂಡಕ್ಕಿನೋ?

ಹೊನ್ನಾಳಿ ಸೊಸೆ · 11:28
ನರ್ಗೀಸ್. ಒಗ್ಗರಣೆ ದಿನಾ ಬೆಳಿಗ್ಗೆ ಇದ್ದೇ ಇರುತ್ತಲ್ಲ.

ಎಂಸಿಸಿ ಬಿ ಬ್ಲಾಕ್ · 11:35
ವಿಷಯಕ್ಕೆ ಬರೋಣ. ನಿಟ್ಟುವಳ್ಳಿ ಅಕ್ಕ, ತಪ್ಪು ತಿಳ್ಕೊಬೇಡಿ, ಒಂದು ಮಾತು ಕೇಳಲಾ? ಫೇಲ್ ಆಗೋ ಭಯ ಇಲ್ಲ ಅಂತೀರಿ, ಆದ್ರೂ ಮಗು ಒಂದೊಂದು ಅಂಕ ಎಣಿಸ್ತಿದೆ. ಪಿಯುಸಿಗೆ ಎಲ್ಲಾದ್ರೂ ಆಗಲೇ ದುಡ್ಡು ಕಟ್ಟಿದ್ದೀರಾ?

ನಿಟ್ಟುವಳ್ಳಿ ತಾಯಿ · 11:48
ಕಟ್ಟಿದ್ದೀವಿ. ಒಂದು ಖಾಸಗಿ ಪಿಯು ಕಾಲೇಜು, ಸೈನ್ಸ್, ನೀಟ್ ಕೋಚಿಂಗ್ ಸೇರಿ. ಮಾರ್ಚ್‌ನಲ್ಲೇ ಮನೆಗೆ ಬಂದು ಮಾತಾಡಿದ್ರು, ಈಗ ಅಡ್ವಾನ್ಸ್ ಕೊಟ್ಟರೆ ಸೀಟು ಗ್ಯಾರಂಟಿ ಅಂದ್ರು. 90 ಪರ್ಸೆಂಟ್ ದಾಟಿದ್ರೆ ಫೀ ಅರ್ಧ, ದಾಟದಿದ್ರೆ ಪೂರ್ತಿ ಅಂತ. ಆದ್ರೆ ಅದನ್ನ ಅವಳ ಹತ್ರ ನಾವು ಒತ್ತಾಯವಾಗಿ ಏನೂ ಹೇಳಿಲ್ಲ.

ಎಂಸಿಸಿ ಬಿ ಬ್ಲಾಕ್ · 11:53
ಹೇಳಬೇಕಾಗಿಲ್ಲ ಅಕ್ಕ. ಆ ಮಾತುಕತೆ ಆದಾಗ ಅವಳು ಮನೇಲೇ ಇದ್ಲು ತಾನೆ? 625ಕ್ಕೆ 90 ಪರ್ಸೆಂಟ್ ಅಂದ್ರೆ 562.5. ಅಂದ್ರೆ 563. ಅವಳು ಪ್ರಶ್ನೆಪತ್ರಿಕೆ ಮೇಲೆ ಪೆನ್ಸಿಲ್‌ನಲ್ಲಿ ಯಾವ ನಂಬರ್ ಬರೀತಿದ್ದಾಳೆ ಒಮ್ಮೆ ನೋಡಿ. ನನ್ನ ತಂಗಿ ಮಗಳದ್ದು ಹೋದ ವರ್ಷ ಇದೇ ಆಯ್ತು. ಒಂದು ಅಂಕಕ್ಕೆ ಇಷ್ಟು ಸಾವಿರ ಅಂತ ಆ ಹುಡುಗಿ ಲೆಕ್ಕ ಹಾಕಿಟ್ಟಿದ್ಲು.

ಬಾಡಾ ಕ್ರಾಸ್ · 11:56
ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಅಂದ್ರೆ ಇದೇ. ರಿಸಲ್ಟ್ ಬಂದ ಮೇಲೆ ಪಿಯುಸಿ ದಾಖಲಾತಿಗೆ ಅಂತ ಇಲಾಖೆ ವೇಳಾಪಟ್ಟಿ ಹೊರಡಿಸುತ್ತೆ. ಇವರು ಪರೀಕ್ಷೆ ಮುಗಿಯೋಕೆ ಮುಂಚೆನೇ ಮನೆ ಬಾಗಿಲಿಗೆ ಬರ್ತಾರೆ.

ಹಳೇಪೇಟೆ ಅಪ್ಪ · 11:59
ಅದು ಮಾತ್ರ ಖರೇ. ನಮ್ಮನಿಗೂ ಬಂದಿದ್ರು. ರಿಸಲ್ಟ್ ಬರ್ಲಿ, ಹುಡುಗನ್ನ ಕೇಳಿ ಹೇಳ್ತೀನಿ ಅಂತ ಕಳಿಸೀನಿ.

ಹೊಳಲ್ಕೆರೆ ನರ್ಸ್ · ಬೆಳಿಗ್ಗೆ 6:20
ರಾತ್ರಿ ಡ್ಯೂಟಿ ಮುಗಿಸಿ ಈಗ ಓದ್ತಿದ್ದೀನಿ. ನೀವೆಲ್ಲ ಒಳ್ಳೆ ಮಾತು ಹೇಳಿದ್ದೀರಿ, ನಾನು ಬೇರೆ ಕಡೆಯಿಂದ ಹೇಳ್ತೀನಿ. ರಿಸಲ್ಟ್ ಹತ್ತಿರ ಬಂದಾಗ ಸ್ವಲ್ಪ ಊಟ ಕಮ್ಮಿ, ನಿದ್ದೆ ಕಮ್ಮಿ ಆಗೋದು ಇರುತ್ತೆ, ಅದಕ್ಕೆ ಬೆಚ್ಚಿ ಬೀಳಬೇಡಿ. ಆದ್ರೆ ಮಗು ಯಾರ ಹತ್ರನೂ ಮಾತಾಡದೆ ಬಾಗಿಲು ಹಾಕ್ಕೊಳ್ಳೋದು, ಇಷ್ಟದ ವಸ್ತು ಬೇರೆಯವರಿಗೆ ಕೊಟ್ಟುಬಿಡೋದು, "ನಾನಿಲ್ಲದಿದ್ರೆ ನಿಮಗೆ ಆರಾಮು" ಅನ್ನೋ ಥರದ ಮಾತು ಬಂದ್ರೆ ಅದನ್ನ ಹಗುರವಾಗಿ ತಗೋಬೇಡಿ. ಆಗ ಬೈಯಬೇಡಿ, ಬುದ್ಧಿ ಹೇಳಬೇಡಿ, ಒಂಟಿಯಾಗಿ ಬಿಡಬೇಡಿ. "ನಿನಗೆ ಸಾಯಬೇಕು ಅನ್ನಿಸ್ತಿದೆಯಾ" ಅಂತ ನೇರವಾಗಿ ಕೇಳಬಹುದು, ಕೇಳೋದ್ರಿಂದ ಆ ಯೋಚನೆ ಹುಟ್ಟಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಮಕ್ಕಳೇ ಮಾಡೋದಾದ್ರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ. ರಿಸಲ್ಟ್ ದಿನ ಮತ್ತೆ ಅದರ ಮರುದಿನ ಮನೇಲಿ ದೊಡ್ಡವರೊಬ್ಬರು ಇರೋ ಹಂಗೆ ನೋಡ್ಕೊಳ್ಳಿ, ಕೆಲಸಕ್ಕೆ ರಜೆ ಹಾಕಿಯಾದ್ರೂ ಸರಿ.

ತಮ್ಮ ದುರ್ಗದ ಹುಡುಗ, ಈ ಎರಡು ನಂಬರ್ ನಿನ್ನ ಸ್ನೇಹಿತರಿಗೂ ಕಳಿಸಪ್ಪ.

ದುರ್ಗದ ಹುಡುಗ, ಹತ್ತನೇ ಕ್ಲಾಸು · 7:05
ಕಳಿಸ್ದೆ ಅಕ್ಕ. ನಮ್ಮ ಕ್ಲಾಸ್ ಗ್ರೂಪಿನಲ್ಲಿ ಪಿನ್ ಮಾಡಿದ್ದೀನಿ.

ಜಗಳೂರು ರೈತ · 7:30
ಎಲ್ಲರೂ 563, 600 ಅಂತ ಮಾತಾಡ್ತಿದ್ದೀರಿ. ನನ್ನ ಮಗ ಪಾಸಾದ್ರೆ ಸಾಕು ಅಂತ ಕೂತಿದ್ದೀವಿ. ಇಂಗ್ಲಿಷ್, ಗಣಿತ ಎರಡೂ ಅವನಿಗೆ ಕಷ್ಟ. ಹೊಲದಲ್ಲಿ ಮೋಟಾರ್ ಕೆಟ್ಟರೆ ಅವನೇ ಬಿಚ್ಚಿ ಸರಿ ಮಾಡ್ತಾನೆ, ಊರಿನವರೆಲ್ಲ ಕರೀತಾರೆ. ಆದ್ರೆ ರಿಸಲ್ಟ್ ಅಂದ ಕೂಡಲೇ ಮುಖ ಸಣ್ಣ ಮಾಡ್ತಾನೆ. ಹೋದ ವಾರ ಪಂಪ್‌ಸೆಟ್ ಹತ್ರ ಕೂತ್ಕೊಂಡು ನಾನೇ ಅವನಿಗೆ ಹೇಳ್ದೆ: ಪಾಸಾದ್ರೆ ಐಟಿಐ, ಒಂದು ವಿಷಯ ಹೋದ್ರೆ ಪರೀಕ್ಷೆ-2 ಬರೆದು ಆಮೇಲೆ ಐಟಿಐ, ಎರಡಕ್ಕೂ ನಾನು ತಯಾರು. ಫೇಲು ಅಂತ ಮನೇಲಿ ಯಾರೂ ಬೈಯಲ್ಲ, ನಿನ್ನ ತಾಯಿಗೂ ಹೇಳಿದ್ದೀನಿ ಅಂದೆ. ಆವತ್ತಿಂದ ಊಟಕ್ಕೆ ಎಲ್ಲರ ಜತೆ ಕೂರ್ತಿದ್ದಾನೆ.

ಚಳ್ಳಕೆರೆ ಮೇಡಂ · 7:41
ಜಗಳೂರಿನ ಅಣ್ಣ, ಇಷ್ಟು ಹೊತ್ತು ನಾವೆಲ್ಲ ಮಾತಾಡಿದ್ದಕ್ಕಿಂತ ನಿಮ್ಮ ಮಾತು ದೊಡ್ಡದು. ರಿಸಲ್ಟ್ ಬಂದ ಮೇಲೆ "ಪರವಾಗಿಲ್ಲ ಮಗಾ" ಅನ್ನೋದು ಬೇರೆ, ಬರೋಕೆ ಮುಂಚೆನೇ ಹಿಂಗಾದ್ರೆ ಹಿಂಗೆ, ಹಂಗಾದ್ರೆ ಹಂಗೆ ಅಂತ ಎರಡೂ ದಾರಿ ತೋರಿಸೋದು ಬೇರೆ. ಬಂದ ಮೇಲೆ ಹೇಳಿದ್ರೆ ಮಗುವಿಗೆ ಅದು ಸಮಾಧಾನಕ್ಕೆ ಹೇಳಿದಂಗೆ ಕೇಳಿಸುತ್ತೆ.

ಗಣಿತ ಮೇಷ್ಟ್ರು, ಹರಿಹರ · 7:50
ಐಟಿಐ ಎರಡು ವರ್ಷ ಮುಗಿಸಿದವರಿಗೆ ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರೋ ಅವಕಾಶವೂ ಐತಿ ಅಣ್ಣ. ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ನೋಡ್ರಿ, ನಿಮ್ಮ ಹುಡುಗನ ಕೈಗೆ ಒಗ್ಗುತ್ತೆ.

ನಿಟ್ಟುವಳ್ಳಿ ತಾಯಿ · ಮಧ್ಯಾಹ್ನ 1:15
ಎಂಸಿಸಿ ಬಿ ಬ್ಲಾಕಿನವರೇ, ನೀವು ಹೇಳಿದ್ದು ಅಕ್ಷರ ಅಕ್ಷರ ನಿಜ. ಗಣಿತದ ಪೇಪರ್ ಹಿಂದುಗಡೆ ಮೂಲೇಲಿ 563 ಅಂತ ಬರೆದು ಸುತ್ತ ಗೆರೆ ಎಳೆದಿದ್ದಾಳೆ. ಕೆಳಗೆ 548, 555, 559 ಅಂತ ಒಂದರ ಕೆಳಗೊಂದು.

ಬಟ್ಟೆ ಮಡಚ್ತಾ ಕೂತಾಗ ಕೇಳ್ದೆ. ಮೊದಲು ಏನೂ ಅನ್ನಲಿಲ್ಲ. ಆಮೇಲೆ ಹೇಳಿದ್ಲು: "563 ಬರ್ಲಿಲ್ಲ ಅಂದ್ರೆ ಅಪ್ಪ ಪೂರ್ತಿ ಫೀ ಕಟ್ಟಬೇಕು. ಆಟೋ ಸಾಲದ ಕಂತೇ ಇನ್ನೂ ಮುಗಿದಿಲ್ಲ. ಪ್ರಮೇಯದಲ್ಲಿ ರಚನೆ ಬರೆಯೋದು ಮರೆತೆ, ಅದಕ್ಕೇ ಹೋಗುತ್ತೇನೋ." ಅಂದ್ರೆ ಇಷ್ಟು ದಿನ ಅವಳು ಅಂಕ ಎಣಿಸ್ತಿರಲಿಲ್ಲ, ಅವರಪ್ಪನ ಗೂಡ್ಸ್ ಆಟೋ ಕಂತು ಎಣಿಸ್ತಿದ್ಲು. ನಮ್ಮನೆಯವರು ಬಾಗಿಲ ಹತ್ರ ನಿಂತು ಕೇಳಿಸ್ಕೊಂಡಿದ್ದಾರೆ. ಒಳಗೆ ಬಂದು ಅವಳ ಪಕ್ಕ ಕೂತ್ರು. "ಫೀ ನನ್ನ ಲೆಕ್ಕ, ನಿನ್ನ ಲೆಕ್ಕ ಅಲ್ಲ. ಕಟ್ಟೋಕಾದ್ರೆ ಕಟ್ತೀನಿ, ಇಲ್ಲ ಅಂದ್ರೆ ಸರ್ಕಾರಿ ಕಾಲೇಜಿಗೆ ಹೋಗು" ಅಂದ್ರು. ಅವಳು "ನನಗೆ ಸರ್ಕಾರಿ ಕಾಲೇಜೇ ಇಷ್ಟ ಇತ್ತು, ನನ್ನ ಗೆಳತಿಯರೆಲ್ಲ ಅಲ್ಲಿಗೇ ಹೋಗ್ತಾರೆ" ಅಂದ್ಲು. ಅದನ್ನ ಯಾರೂ ಕೇಳೇ ಇರಲಿಲ್ಲ.

ಹೊನ್ನಾಳಿ ಸೊಸೆ · 1:20
ಓದಿ ಕಣ್ಣಲ್ಲಿ ನೀರು ಬಂತು ಅಕ್ಕ.

ವಿದ್ಯಾನಗರ ವಾಸಿ · 1:28
ಸರ್ಕಾರಿ ಪಿಯು ಕಾಲೇಜಿನ ಫೀ ಬಹಳ ಕಮ್ಮಿ, ಉಪನ್ಯಾಸಕರೂ ಚೆನ್ನಾಗಿ ಓದಿಕೊಂಡವರೇ. ಕನ್ನಡ ಮಾಧ್ಯಮದಿಂದ ಸೈನ್ಸ್‌ಗೆ ಹೋಗೋ ಮಕ್ಕಳಿಗೆ ಮೊದಲ ಎರಡು ಮೂರು ತಿಂಗಳು ಇಂಗ್ಲಿಷ್ ಪಾಠ ತಲೆಗೆ ಹತ್ತಲ್ಲ, ಎಲ್ಲಿ ಸೇರಿಸಿದ್ರೂ ಅದು ಇದ್ದದ್ದೇ. ಈ ರಜೇಲಿ ಅಂಕ ಎಣಿಸೋ ಬದಲು ಭೌತಶಾಸ್ತ್ರ, ರಸಾಯನಶಾಸ್ತ್ರದ ಪದಗಳನ್ನ ಇಂಗ್ಲಿಷಿನಲ್ಲಿ ಬರ್ಕೊಂಡು ಓದಲಿ. ಕೈಗೊಂದು ಕೆಲಸಾನೂ ಆಗುತ್ತೆ.

ಹಳೇಪೇಟೆ ಅಪ್ಪ · 1:34
ಕೊಟ್ಟ ಅಡ್ವಾನ್ಸ್ ಬಿಡಬ್ಯಾಡ್ರಿ. ರಸೀದಿ ಐತೇನು? ಇದ್ರ ಬರವಣಿಗೆಯಾಗೇ ಅರ್ಜಿ ಕೊಟ್ಟು ವಾಪಸ್ ಕೇಳ್ರಿ, ಬಾಯಿಮಾತಿಗೆ ಯಾರೂ ಬಗ್ಗಂಗಿಲ್ಲ. ಬೇಕಾದ್ರ ನಾನೂ ಜತಿಗೆ ಬರ್ತೀನಿ, ನಿಟ್ಟುವಳ್ಳಿ ನಮಗೇನು ದೂರ ಅಲ್ಲ.

ನಿಟ್ಟುವಳ್ಳಿ ತಾಯಿ · 1:40
ರಸೀದಿ ಇದೆ ಅಣ್ಣ. ನಮ್ಮನೆಯವರಿಗೆ ಹೇಳ್ತೀನಿ, ಬಹಳ ಉಪಕಾರ ಆಯ್ತು.

ಅವರಗೆರೆ ಯುವಕ · 1:52
ರಿಸಲ್ಟ್ ನೋಡೋದು ಯಾರು ಅಂತಾನೂ ಈಗಲೇ ಮಾತಾಡ್ಕೊಳ್ಳಿ ಅಕ್ಕ. ನಮ್ಮ ಕಾಲಕ್ಕೆ ಮಾವ ಸೈಬರ್‌ನಲ್ಲಿ ನೋಡಿ ಎಲ್ಲರಿಗೂ ಫೋನ್ ಮಾಡಿ ಮುಗಿಸಿ, ಕೊನೆಗೆ ನನಗೆ ಹೇಳಿದ್ರು. ನನ್ನ ರಿಸಲ್ಟ್ ನನಗೇ ಕೊನೇಲಿ ಗೊತ್ತಾಗಿದ್ದು.

ವಿದ್ಯಾನಗರ ವಾಸಿ · 1:58
ಸರಿಯಾದ ಮಾತು. ರಿಜಿಸ್ಟರ್ ನಂಬರ್, ಹುಟ್ಟಿದ ದಿನಾಂಕ ಎರಡೂ ಇದ್ರೆ ಯಾರು ಬೇಕಾದ್ರೂ ನೋಡಬಹುದು. ಅದಕ್ಕೇ ಹಾಲ್ ಟಿಕೆಟ್ ಫೋಟೋ ಚಿಕ್ಕಪ್ಪ, ದೊಡ್ಡಪ್ಪ ಅಂತ ಕಳಿಸಬೇಡಿ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ನೋಡಿದಾಗ ಸೈಟ್ ನಿಂತುಹೋಗುತ್ತೆ, ಪುಟ ತೆರೀಲಿಲ್ಲ ಅಂದ್ರೆ ಗಾಬರಿ ಬೇಡ. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಶಾಲೆಯಲ್ಲೂ ಸಿಗುತ್ತೆ. ಅಂಕಪಟ್ಟಿ ಆಮೇಲೆ ಡಿಜಿಲಾಕರ್‌ಗೂ ಬರುತ್ತೆ.

ನಿಟ್ಟುವಳ್ಳಿ ತಾಯಿ · 2:10
ಅವಳೇ ಮೊದಲು ನೋಡ್ಲಿ, ಆಮೇಲೆ ನಮಗೆ ಹೇಳ್ಲಿ ಅಂತ ಮಾತಾಗಿದೆ. ಸಂಬಂಧಿಕರ ಫೋನ್ ಬಂದ್ರೆ ಅವತ್ತು ನಾನೇ ತಗೊಳ್ತೀನಿ. ಸ್ಟೇಟಸ್ ಹಾಕೋದು ಬಿಡೋದು ಅವಳಿಷ್ಟ.

ಹೊಳಲ್ಕೆರೆ ನರ್ಸ್ · 2:16
ಪಕ್ಕದಲ್ಲೇ ಇರಿ, ಆದ್ರೆ ಸ್ಕ್ರೀನ್ ಕಡೆ ಬಗ್ಗಬೇಡಿ.

ಬಾಡಾ ಕ್ರಾಸ್ · 3:05
ಮೇಷ್ಟ್ರೇ, ಅಂಕ ಕಮ್ಮಿ ಬಂತು ಅನ್ನಿಸಿದ್ರೆ ಸೀದಾ ಮರುಮೌಲ್ಯಮಾಪನಕ್ಕೆ ಹಾಕಬಹುದಾ?

ಗಣಿತ ಮೇಷ್ಟ್ರು, ಹರಿಹರ · 3:30
ಸೀದಾ ಆಗಲ್ಲ. ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ ತರಿಸ್ಕೋಬೇಕು. ಅದನ್ನ ವಿಷಯದ ಮೇಷ್ಟ್ರ ಹತ್ರ ಕೂತು ನೋಡ್ರಿ. ಕೂಡಿಸೋದ್ರಲ್ಲಿ ತಪ್ಪಿದ್ರೆ ಮರುಎಣಿಕೆ, ಯಾವುದಾದ್ರೂ ಉತ್ತರಕ್ಕೆ ಅಂಕ ಸರಿಯಾಗಿ ಬಿದ್ದಿಲ್ಲ ಅಂದ್ರೆ ಮರುಮೌಲ್ಯಮಾಪನ. ಎಲ್ಲಕ್ಕೂ ಕೊನೇ ದಿನಾಂಕ ಇರುತ್ತೆ, ದಿನ ಬಹಳ ಕಮ್ಮಿ ಕೊಡ್ತಾರೆ. ಪರೀಕ್ಷೆ-2ರ ನೋಂದಣಿಯೂ ಅದೇ ಹೊತ್ತಿಗೆ ಶಾಲೆಯ ಮೂಲಕ ಶುರುವಾಗುತ್ತೆ. ಸ್ಕ್ಯಾನ್ ಪ್ರತಿ ಬರ್ಲಿ ಆಮೇಲೆ ನೋಡೋಣ ಅಂತ ನೋಂದಣಿ ಬಿಡಬೇಡ್ರಿ, ಎರಡೂ ಒಟ್ಟಿಗೇ ನಡೀಲಿ.

ದುರ್ಗದ ಹುಡುಗ, ಹತ್ತನೇ ಕ್ಲಾಸು · 4:12
ಸರ್, ನಂದೊಂದು ಡೌಟು. ನನಗೆ ಪಿಯುಸಿಗಿಂತ ಡಿಪ್ಲೊಮಾ ಇಷ್ಟ. ಅಪ್ಪನಿಗೆ ಇನ್ನೂ ಹೇಳಿಲ್ಲ. ಡಿಪ್ಲೊಮಾ ಸೇರಿದ್ರೆ ಆಮೇಲೆ ಇಂಜಿನಿಯರಿಂಗ್ ಮಾಡೋಕಾಗಲ್ವಾ?

ಗಣಿತ ಮೇಷ್ಟ್ರು, ಹರಿಹರ · 4:25
ಆಗುತ್ತಪ್ಪ. ಮೂರು ವರ್ಷ ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದ್ರೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ದಾವಣಗೆರೆಯಲ್ಲಿ ಡಿಆರ್‌ಆರ್ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಸೀಟಿಗೆ ಗಣಿತ, ವಿಜ್ಞಾನದ ಅಂಕ ನೋಡ್ತಾರೆ. ರಿಸಲ್ಟ್ ದಿನದವರೆಗೆ ಕಾಯಬೇಡ, ಅವತ್ತು ಅಪ್ಪನ ತಲೇಲಿ ಬರೀ 520 ಓಡ್ತಿರುತ್ತೆ. ಈ ವಾರನೇ ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ಹೇಳು.

ದುರ್ಗದ ಹುಡುಗ, ಹತ್ತನೇ ಕ್ಲಾಸು · 4:31
ಇವತ್ತೇ ಹೇಳ್ತೀನಿ ಸರ್. ಅಕ್ಕನೂ ಜತೆಗೆ ಕೂರ್ತಾಳಂತೆ.